ಅಗಳಿ ಕಡೆಯ ಒಂದು ರೇಷ್ಮೆ ಹುಳು ಮನೆ: ಹಾಲುತೊಂಡೆ ರೋಗಕ್ಕೆ ಹೋದ ಎರಡು ಬೆಳೆ, ಮತ್ತು ಜೀನ್ ಬಾಯಿ ಮುಚ್ಚಿಸುವ ಮಾತು

ಶಿರಾ ಕಡೆಯಿಂದ ಅಗಳಿಗೆ ಬಂದರೆ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಅಂಗಡಿ ಬೋರ್ಡು ತೆಲುಗಾದಾಗ ಆಂಧ್ರಕ್ಕೆ ಬಂದೆವು ಅಂತ ತಿಳಿಯುತ್ತದೆ, ಅಷ್ಟೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಗೂಡು ಮಾರಲು ಹಿಂದೂಪುರ. ಈ ಪ್ರಕರಣ ಆ ಕಡೆಯ ಒಂದು ಮನೆಯದು. ಹೆಸರು ಹಾಕುವುದಿಲ್ಲ, ಅವರು ಬೇಡ ಅಂದಿದ್ದಾರೆ.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಬಯೋಟೆಕ್ ಓದಿದೆ, ಕೆಲಸ ಸಿಗಲಿಲ್ಲ, ರೇಷ್ಮೆ ಸಾಮಾನಿನ ಅಂಗಡಿ ಇಟ್ಟೆ. ಬ್ಲೀಚಿಂಗ್ ಪುಡಿ, ಸುಣ್ಣ, ಹಾಸಿಗೆ ಮೇಲೆ ಉದುರಿಸುವ ಪುಡಿ, ಬಲೆ, ಹುಳು ಗೂಡು ಕಟ್ಟುವ ಚಂದ್ರಿಕೆ ಮಾರುತ್ತೇನೆ. ಹಾಗಾಗಿ ಶುಚಿತ್ವದ ಬಗ್ಗೆ ನಾನು ಹೇಳುವುದನ್ನು ಅಂಗಡಿಯವನ ಮಾತು ಅಂತ ಸ್ವಲ್ಪ ಕಳೆದುಕೊಂಡೇ ಓದಿ. ಅಂಗಡಿಯಲ್ಲಿ ಒಂದು ಹಳೇ ಮೈಕ್ರೋಸ್ಕೋಪ್ ಇದೆ. ಅದಕ್ಕಾಗಿಯೇ ಜನ ಸತ್ತ ಹುಳು ಹಿಡಿದುಕೊಂಡು ಬರುತ್ತಾರೆ.

ಆ ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಒಂದೂವರೆ ಎಕರೆ ವಿ1 ತಳಿಯ ಹಿಪ್ಪುನೇರಳೆ ಸೊಪ್ಪು, ಒಂದು ಬೋರು. ಬೆಳೆಗೆ 200 ಮೊಟ್ಟೆ, ಬೈವೋಲ್ಟೈನ್ ಅನ್ನುವ ತಳಿ. ಒಂದು ಪತಂಗ ಇಟ್ಟದ್ದೆಲ್ಲಾ ಸೇರಿ ಒಂದು ಮೊಟ್ಟೆ ಅನ್ನುವುದು ನಮ್ಮ ಲೆಕ್ಕ. ಹುಳು ಮೇವು ಬಿಟ್ಟು ಕೂತು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತೇವೆ. ಎರಡನೇ ಜ್ವರ ಎದ್ದ ಮೇಲೆ, ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ತರುತ್ತಾರೆ. ಸರಿಯಾಗಿ ಆದರೆ 150 ಕಿಲೋ ಗೂಡು ಅವರಿಗೆ ಮಾಮೂಲಿ. ಹುಳು ನೋಡುವುದು ಪೂರ್ತಿ ಹೆಂಡತಿಯ ಕೆಲಸ, ಅವರನ್ನು ನಾನು ಅಕ್ಕ ಅನ್ನುತ್ತೇನೆ. ಯಜಮಾನರು ಸೊಪ್ಪು, ನೀರು, ಮಾರುಕಟ್ಟೆ ನೋಡಿಕೊಳ್ಳುತ್ತಾರೆ.

ಮೊದಲನೇ ಬೆಳೆ

ನಾಲ್ಕನೇ ಜ್ವರ ಚೆನ್ನಾಗಿ ಎದ್ದವು. ಸೊಪ್ಪು ಹಾಕಿದರೆ ಮಳೆ ಬಂದ ಹಾಗೆ ಸದ್ದು. ಮೂರನೇ ದಿನ ಸಂಜೆ ಕೆಲವು ಹುಳು ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಿಗೆ ಬಂದು ಸುಮ್ನೆ ಓಡಾಡುತ್ತಿದ್ದವು. ಹಣ್ಣಾಗಿ ಗೂಡು ಕಟ್ಟಲು ಇನ್ನೂ ನಾಲ್ಕು ದಿನ ಇತ್ತು. ಅತ್ತೆ, ಅಂದರೆ ಮನೆಯ ಅಜ್ಜಿ, ನೋಡಿದ್ದೇ, "ಇದು ಹಾಲುತೊಂಡೆ ಕಣೇ" ಅಂದರಂತೆ. ಮಾರನೇ ದಿನ ಹುಳುವಿನ ಗಿಣ್ಣು ಗಿಣ್ಣಿನ ನಡುವೆ ಬಾವು, ಮೈ ಹಳದಿ. ಮುಟ್ಟಿದರೆ ಚರ್ಮ ಒಡೆದು ಹಾಲು. ಕೆಲವು ಹಿಂದಿನ ಕಾಲಲ್ಲಿ ಕಡ್ಡಿ ಹಿಡಿದು ತಲೆಕೆಳಗಾಗಿ ನೇತಾಡಿದವು.

ಅಕ್ಕ ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ಟಿಫನ್ ಡಬ್ಬ, ಇನ್ನೊಂದರಲ್ಲಿ ಮಗಳ ಸ್ಲೇಟು. ಸ್ಲೇಟು ಯಾಕೆ ಅಂತ ಕೇಳಿದೆ. ಸೂಜಿಯಲ್ಲಿ ಒಂದು ಹುಳುವಿನ ಕಾಲು ಚುಚ್ಚಿ ಸ್ಲೇಟಿನ ಮೇಲೆ ಒತ್ತಿದರು. ಕರಿ ಸ್ಲೇಟಿನ ಮೇಲೆ ಬಿಳಿ ಹನಿ, ನೀರು ಹಾಕಿದ ಹಾಲಿನ ಹಾಗೆ. ಪಕ್ಕದಲ್ಲಿ ನೆಟ್ಟಗಿದ್ದ ಹುಳುವಿನ ಹನಿ ಹಾಕಿದರು. ಅದರಲ್ಲಿ ಸ್ಲೇಟಿನ ಗೀರು ಕಾಣುತ್ತಿತ್ತು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಕಾಲೇಜಿನಲ್ಲೂ ನೋಡಿರಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಹನಿಯ ತುಂಬಾ ಹೊಳೆಯುವ, ಮೂಲೆ ಮೂಲೆಯ ಹರಳು. ಗಂಟು ಅನ್ನುವ ಇನ್ನೊಂದು ಹುಳು ರೋಗದ ಬೀಜ ಮೊಟ್ಟೆಯಾಕಾರ, ಇವು ಹಾಗಲ್ಲ. ಇವು ಪಾಲಿಹೆಡ್ರಾ. ಒಂದೊಂದೂ ಪ್ರೋಟೀನಿನ ಪೆಟ್ಟಿಗೆ, ಒಳಗೆ ವೈರಸ್. ವೈರಸ್ಸಿನ ಹೆಸರು ಬಿಎಂಎನ್‌ಪಿವಿ. ಪೆಟ್ಟಿಗೆ ಗಟ್ಟಿ. ಧೂಳಿನಲ್ಲಿ, ಗೋಡೆಯ ಬಿರುಕಿನಲ್ಲಿ ಬಹಳ ಕಾಲ ಕೂತಿರುತ್ತದೆ. ಸೊಪ್ಪಿನ ಜೊತೆ ಹುಳುವಿನ ಹೊಟ್ಟೆಗೆ ಹೋದರೆ ಕರಗುತ್ತದೆ, ಯಾಕೆಂದರೆ ರೇಷ್ಮೆ ಹುಳುವಿನ ಹೊಟ್ಟೆ ರಸ ಸುಣ್ಣದ ನೀರಿನ ಹಾಗೆ ಕ್ಷಾರ. ಪೆಟ್ಟಿಗೆ ಕರಗಿದ ಮೇಲೆ ವೈರಸ್ ಹೊರಗೆ, ಕರುಳಿನ ಜೀವಕೋಶದ ಒಳಗೆ, ಅಲ್ಲಿಂದ ಮೈಯೆಲ್ಲಾ. ಈ ಕ್ಷಾರದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತದೆ.

46 ಕಿಲೋ ಗೂಡು ಬಂತು. ಅದರಲ್ಲೂ ಒಳಗೆ ಹುಳು ಸತ್ತು ಕಲೆಯಾದದ್ದು ಜಾಸ್ತಿ.

ಚಾಕಿಯವರ ತಪ್ಪೇ?

ಮೊದಲ ಸಿಟ್ಟು ಚಾಕಿ ಕೇಂದ್ರದ ಮೇಲೆ ಹೋಯಿತು. ಅದು ಸಹಜ. ಆದರೆ ಎರಡು ವಿಷಯ ಹೊಂದಲಿಲ್ಲ. ಅದೇ ದಿನ ಅದೇ ಲಾಟಿನ ಹುಳು ತಂದ ಎರಡು ಮನೆಯಲ್ಲಿ ಬೆಳೆ ಚೆನ್ನಾಗಿತ್ತು. ಎರಡನೆಯದು ದಿನದ ಲೆಕ್ಕ. ವೈರಸ್ ಹೊಟ್ಟೆಗೆ ಹೋದ ಮೇಲೆ ಹುಳು ಸಾಯಲು ಹೆಚ್ಚು ಕಡಿಮೆ ಐದರಿಂದ ಏಳು ದಿನ. ಚಾಕಿಯಲ್ಲೇ ತಗುಲಿದ್ದರೆ ಮೂರನೇ ಜ್ವರದ ಸುತ್ತಮುತ್ತ ಸಾಯಬೇಕಿತ್ತು. ಇಲ್ಲಿ ಸತ್ತದ್ದು ನಾಲ್ಕನೇ ಜ್ವರ ಎದ್ದು ಮೂರು ನಾಲ್ಕು ದಿನಕ್ಕೆ. ಹಿಂದಕ್ಕೆ ಎಣಿಸಿದರೆ ನಾಲ್ಕನೇ ಜ್ವರಕ್ಕೆ ಕೂರುವ ಮುಂಚೆ ತಗುಲಿದೆ.

"ಆವಾಗ ಏನು ಮಾಡಿದ್ರಿ ಅಕ್ಕ, ಹೊಸದಾಗಿ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದರು. "ಹುಳ ಅಗಲ ಮಾಡಿದ್ವಿ. ಹಿಂದಿನ ಸ್ಟ್ಯಾಂಡಿಗೂ ಹಾಕಿದ್ವಿ."

ಹಿಂದಿನ ಸ್ಟ್ಯಾಂಡ್ ನೋಡಲು ನಾನೇ ಹೋದೆ. ಅದರ ನೆತ್ತಿಯ ಮೇಲೆ ಅಟ್ಟ. ಅಟ್ಟದಲ್ಲಿ ಪ್ಲಾಸ್ಟಿಕ್ ಚಂದ್ರಿಕೆಗಳ ರಾಶಿ. ಹಿಂದಿನ ಬೆಳೆಗೆ ಸಾಲದೆ ನೆಂಟರ ಮನೆಯಿಂದ ತಂದವು, ವಾಪಸ್ ಕೊಟ್ಟಿರಲಿಲ್ಲ. ನೆಂಟರ ಮನೆಯಲ್ಲಿ ಆ ಸಲ ರೋಗ ಬಿದ್ದಿತ್ತು. ಅದನ್ನು ಹೇಳಲು ಅವರಿಗೂ ಮುಜುಗರ, ಕೇಳಲು ಇವರಿಗೂ ಮುಜುಗರ. ಒಂದು ಚಂದ್ರಿಕೆ ಇಳಿಸಿ ತಟ್ಟಿದೆ, ಬಿಸಿಲಿನ ಕೋಲಿನಲ್ಲಿ ಧೂಳು ತೇಲಿತು. ಒಣಗಿದ ಹುಳುವಿನ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು.

"ಹುಳ ತರೋ ಮುಂಚೆ ಬ್ಲೀಚಿಂಗ್ ಹೊಡೆದಿದ್ವಿ ಅಣ್ಣ" ಅಂದರು ಯಜಮಾನರು. ಸುಳ್ಳಲ್ಲ, ಹೊಡೆದಿದ್ದರು. ಮೂಟೆ ತೋರಿಸಿ ಅಂದೆ. ಬಾಯಿ ತೆರೆದ ಮೂಟೆ, ಸೊಪ್ಪಿನ ಕೋಣೆಯಲ್ಲಿ ನೆಲದ ಮೇಲೆ. ಮೂಗಿನ ಹತ್ತಿರ ಹಿಡಿದೆ. ಬ್ಲೀಚಿಂಗ್ ಪುಡಿ ಅಂದರೆ ಮೂಗು ಸುಡಬೇಕು, ಕಣ್ಣಲ್ಲಿ ನೀರು ಬರಬೇಕು. ಇದಕ್ಕೆ ಗೋಡೆಗೆ ಬಳಿಯುವ ಸುಣ್ಣದ ವಾಸನೆ. ಅದರಲ್ಲಿ ಇರಬೇಕಾದ ಶೇ 30ರಷ್ಟು ಕ್ಲೋರಿನ್ ಗಾಳಿಗೆ ಹೋಗಿ ತಿಂಗಳುಗಳೇ ಆಗಿದ್ದವು.

ಮೂಟೆಯ ಮೇಲೆ ನನ್ನ ಅಂಗಡಿಯ ಗುರುತು ಇತ್ತು. ಮಾರುವಾಗ ಬಾಯಿ ಕಟ್ಟಿಡಿ, ಬೇಗ ಖಾಲಿ ಮಾಡಿ ಅಂತ ನಾನು ಹೇಳಿರಲಿಲ್ಲ. 25 ಕಿಲೋ ಮೂಟೆ ಒಟ್ಟಿಗೆ ತಗೊಳ್ಳಿ, ಕಡಿಮೆಗೆ ಬೀಳುತ್ತದೆ ಅಂತ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಎರಡನೇ ಬೆಳೆ

ನಾನು ಹೋಗಿ ನೋಡುವ ಹೊತ್ತಿಗೆ ಎರಡನೇ ಬೆಳೆಯ ಹುಳು ಮನೆಗೆ ಬಂದಾಗಿತ್ತು. ಅದೂ ಅದೇ ಪುಡಿ ಹೊಡೆದ ಮನೆಗೆ. ಮೊದಲ ಬೆಳೆಯ ಸತ್ತ ಹುಳು ಬರಿಗೈಯಲ್ಲಿ ಆರಿಸಿ, ಅದೇ ಕೈಯಲ್ಲಿ ಸೊಪ್ಪು ಹಾಕಿದ್ದರು. ಹಿಕ್ಕೆ, ಕಸ ಎಲ್ಲಾ ಸೊಪ್ಪಿನ ತೋಟದ ಬದಿಯ ತಿಪ್ಪೆಗೆ ಹೋಗಿತ್ತು. ಈ ಸಲ ಮೂರನೇ ಜ್ವರ ಏಳುವಾಗಲೇ ಹಾಲು ಕಂಡಿತು. ನಾಲ್ಕನೇ ಜ್ವರಕ್ಕೆ ಅರ್ಧ ಹುಳು ಕೂರಲೇ ಇಲ್ಲ. ಪೂರ್ತಿ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದರು. ಚಾಕಿ ಹಣ, ಕೂಲಿ, ಗೊಬ್ಬರ, ಎಲ್ಲಾ ಹೋಯಿತು. ಅಕ್ಕ ಒಂದು ವಾರ ಹುಳು ಮನೆ ಕಡೆ ಹೋಗಲಿಲ್ಲವಂತೆ.

ಕಿರಿಕೆರೆಯ ಹುಳು

ಅದಾದ ಮೇಲೆ ಯಜಮಾನರು ಒಂದು ದಿನ ಬಂದು ಕೂತರು. "ನಮ್ಮ ಹಿಂದೂಪುರದ ಕಿರಿಕೆರೆಯಲ್ಲೇ ಈ ರೋಗ ಬರದ ಹುಳ ಮಾಡವ್ರಂತಲ್ಲ ಅಣ್ಣ. ಜೀನ್ ಬದಲಾಯಿಸಿ. ಅದರ ಮೊಟ್ಟೆ ಕೊಡಿಸು."

ಅವರು ಕೇಳಿದ್ದರಲ್ಲಿ ನಿಜ ಇದೆ. ಕಿರಿಕೆರೆಯಲ್ಲಿ ಆಂಧ್ರಪ್ರದೇಶ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಮತ್ತು ಡಯಾಗ್ನೊಸ್ಟಿಕ್ಸ್ ಕೇಂದ್ರದ ಜೆ. ನಾಗರಾಜು ಅವರ ತಂಡ, ಕಿರಿಕೆರೆಯ ಸಂಸ್ಥೆ, ಫ್ರಾನ್ಸಿನ ವಿಜ್ಞಾನಿಗಳು ಸೇರಿ ಈ ಕೆಲಸ ಮಾಡಿದ್ದು. 2007ರಲ್ಲಿ ವೈರಸ್ಸಿನ ಒಂದೇ ಜೀನ್, ಐಇ-1, ಅದರ ಬಾಯಿ ಮುಚ್ಚಿಸುವ ಹುಳುವಿನ ಬಗ್ಗೆ ವರದಿ ಬಂತು. 2013ರಲ್ಲಿ ನಾಲ್ಕು ಜೀನ್‌ಗಳನ್ನು ಒಟ್ಟಿಗೆ ಗುರಿ ಮಾಡಿದ ಹುಳುವಿನ ವರದಿ. ಒಂದಕ್ಕಿಂತ ನಾಲ್ಕು ಚೆನ್ನಾಗಿ ಕೆಲಸ ಮಾಡಿತು. ಆ ವರದಿ ಅಚ್ಚಾಗುವ ಹೊತ್ತಿಗೆ ನಾಗರಾಜು ಅವರು ಇರಲಿಲ್ಲ, 2012ರ ಕೊನೆಗೆ ತೀರಿಕೊಂಡಿದ್ದರು.

ಯಜಮಾನರಿಗೆ ನಾನು ವಿವರಿಸಿದ್ದು ಹೀಗೆ. ವೈರಸ್ಸಿಗೆ ಸ್ವಂತ ಕಾರ್ಖಾನೆ ಇಲ್ಲ. ಹುಳುವಿನ ಜೀವಕೋಶಕ್ಕೆ ನುಗ್ಗಿ, "ಇದನ್ನು ಮಾಡು, ಅದನ್ನು ಮಾಡು" ಅಂತ ಚೀಟಿ ಬರೆದು ಕಳಿಸುತ್ತದೆ. ಆ ಚೀಟಿಗೆ ಆರ್‌ಎನ್‌ಎ ಅಂತ ಹೆಸರು. ಜೀವಕೋಶ ಪಾಪ, ಚೀಟಿ ಯಾರದು ಅಂತ ನೋಡದೆ ಕೆಲಸ ಮಾಡಿಕೊಡುತ್ತದೆ. ಆದರೆ ಜೀವಕೋಶದಲ್ಲಿ ಒಂದು ಕಾವಲು ಇದೆ. ಚೀಟಿ ಒಂಟಿ ಎಳೆಯಾಗಿದ್ದರೆ ಬಿಡುತ್ತದೆ. ಜೋಡಿ ಎಳೆಯಾಗಿ ಹೆಣೆದುಕೊಂಡಿದ್ದರೆ ಅನುಮಾನ. ಆಗ ಡೈಸರ್ ಅನ್ನುವ ಕಿಣ್ವ ಅದನ್ನು ಚಾಕಿಗೆ ಸೊಪ್ಪು ಹೆಚ್ಚುವ ಯಂತ್ರದ ಹಾಗೆ ಸಮನಾಗಿ ಹೆಚ್ಚುತ್ತದೆ, 20 ಚಿಲ್ಲರೆ ಅಕ್ಷರದ ತುಂಡು ತುಂಡು. ಒಂದೊಂದು ತುಂಡನ್ನು ಕೈಯಲ್ಲಿ ಮಾದರಿಯಾಗಿ ಹಿಡಿದು ಇನ್ನೊಂದು ಪ್ರೋಟೀನ್ ಗುಂಪು ಹುಡುಕಲು ಹೊರಡುತ್ತದೆ. ಅದಕ್ಕೆ ಹೊಂದುವ ಚೀಟಿ ಎಲ್ಲೇ ಸಿಕ್ಕರೂ ಹರಿದು ಹಾಕುತ್ತದೆ. ಚೀಟಿ ಹರಿದರೆ ಆ ಜೀನ್ ಇದ್ದೂ ಇಲ್ಲದ ಹಾಗೆ. ಜೀನ್ ಮೌನ ಅನ್ನುವುದು ಇದಕ್ಕೇ. ಜೋಡಿ ಎಳೆಯ ಈ ಗುಟ್ಟನ್ನು ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಪುಟ್ಟ ಹುಳುವಿನಲ್ಲೇ ಕಂಡುಹಿಡಿದರು, 2006ರಲ್ಲಿ ನೊಬೆಲ್ ಬಂತು.

ರೇಷ್ಮೆ ಹುಳುವಿನಲ್ಲಿ ಮಾಡಿದ್ದೇನೆಂದರೆ, ವೈರಸ್ಸಿನ ಜೀನಿನ ಒಂದು ಭಾಗವನ್ನು ನೆಟ್ಟಗೆ ಒಮ್ಮೆ, ತಿರುವಿ ಒಮ್ಮೆ ಜೋಡಿಸಿ ಹುಳುವಿನ ಡಿಎನ್‌ಎಗೇ ಸೇರಿಸಿದರು. ಅದರಿಂದ ಬರುವ ಆರ್‌ಎನ್‌ಎ ತಾನಾಗಿಯೇ ಮಡಚಿಕೊಂಡು ಜೋಡಿ ಎಳೆಯಾಗುತ್ತದೆ. ಅಂದರೆ ಕಳ್ಳ ಬರುವ ಮುಂಚೆಯೇ ಕಾವಲುಗಾರನ ಕೈಯಲ್ಲಿ ಕಳ್ಳನ ಕೈಬರಹ ಇದೆ. ಡಿಎನ್‌ಎ ಸೇರಿಸಲು ಪಿಗ್ಗಿಬ್ಯಾಕ್ ಅನ್ನುವ ಜಿಗಿಯುವ ಜೀನ್ ಬಳಸುತ್ತಾರೆ. ರೇಷ್ಮೆ ಹುಳುವಿನಲ್ಲಿ ಅದು ಆಗುತ್ತದೆ ಅಂತ 2000ದಲ್ಲಿ ಜಪಾನಿನಲ್ಲಿ ತೋರಿಸಿದ್ದರು. ಸೇರಿದೆಯೋ ಇಲ್ಲವೋ ತಿಳಿಯಲು ಜೊತೆಗೆ ಒಂದು ಹೊಳೆಯುವ ಬಣ್ಣದ ಜೀನ್ ಹಾಕುತ್ತಾರೆ. ವಿಶೇಷ ಬೆಳಕು ಬಿಟ್ಟರೆ ಹುಳುವಿನ, ಪತಂಗದ ಕಣ್ಣು ಹೊಳೆಯುತ್ತದೆ.

ಐಇ-1 ಯಾಕೆ? ವೈರಸ್ಸಿನ ಡಿಎನ್‌ಎ ಸುಮಾರು 1 ಲಕ್ಷ 28 ಸಾವಿರ ಅಕ್ಷರ, 130ಕ್ಕೂ ಹೆಚ್ಚು ಜೀನ್. ಅದರಲ್ಲಿ ಐಇ-1 ಒಳಗೆ ನುಗ್ಗಿದ ತಕ್ಷಣ ಕೂಗು ಹಾಕಿ ಉಳಿದವನ್ನೆಲ್ಲಾ ಎಬ್ಬಿಸುವ ಜೀನ್. ಅದರ ಬಾಯಿ ಮುಚ್ಚಿದರೆ ಉಳಿದವು ಏಳುವುದೇ ಕಷ್ಟ. ಒಂದನ್ನೇ ನಂಬಿದರೆ ವೈರಸ್ ಸ್ವಲ್ಪ ಬದಲಾಗಿ ತಪ್ಪಿಸಿಕೊಳ್ಳಬಹುದು, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿಕೊಳ್ಳುವುದು ಸುಲಭ ಅಲ್ಲ. ನಾಲ್ಕು ಜೀನಿನ ಹಾದಿ ನನಗೆ ಹಿಡಿಸುವುದು ಅದಕ್ಕೇ.

ಅಜ್ಜಿ ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದರು. ಆಮೇಲೆ, "ಹುಳದ ಮೈಯೊಳಗೆ ಯಾಕೆ ಕೈ ಹಾಕ್ತೀರಾ? ಆ ಚೀಟಿ ಔಷಧಿನ ಸೊಪ್ಪಿಗೇ ಚಿಮುಕಿಸಿದ್ರೆ ಆಗಲ್ವಾ?" ಅಂದರು. ನನಗೆ ತೀರಾ ಸಂತೋಷ ಆಯಿತು, ಯಾಕೆಂದರೆ ಬಹಳ ಲ್ಯಾಬುಗಳಲ್ಲಿ ಕೇಳಿಕೊಂಡ ಪ್ರಶ್ನೆ ಅದು. ಆಗುವುದು ಕಷ್ಟ. ಇಲ್ಲಿ ಮತ್ತೆ ಅದೇ ಹೊಟ್ಟೆ ರಸ. ಆ ಕ್ಷಾರದಲ್ಲಿ ಆರ್‌ಎನ್‌ಎ ಬಾಳುವುದಿಲ್ಲ. ಮೇಲಾಗಿ ಜೋಡಿ ಎಳೆಯನ್ನೇ ಕತ್ತರಿಸುವ ಕಿಣ್ವವೂ ಅಲ್ಲಿದೆ. ಜೀರುಂಡೆ ಜಾತಿಯ ಕೀಟಗಳಿಗೆ ತಿನ್ನಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಪತಂಗದ ಜಾತಿಯ ಹುಳುಗಳಲ್ಲಿ ತಿನ್ನಿಸುವ ದಾರಿ ದುರ್ಬಲ. ಹಾಗಾಗಿಯೇ ಮೈಯೊಳಗೇ ತಯಾರಾಗುವ ಹಾಗೆ ಮಾಡಿದ್ದು.

ಮೊಟ್ಟೆ ಯಾಕೆ ಸಿಗುವುದಿಲ್ಲ

ರೈತರ ಕೈಗೆ ಆ ಹುಳು ಬಂದಿಲ್ಲ. ಕುಲಾಂತರಿ ಅಂದರೆ ದಿಲ್ಲಿಯ ಜಿಇಎಸಿ ಸಮಿತಿಯ ಅನುಮತಿ ಬೇಕು. 2002ರಲ್ಲಿ ಬಿಟಿ ಹತ್ತಿ ಬಂತು, 2010ರಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ಆಮೇಲೆ ಈ ದಾರಿ ನಿಧಾನ.

ನನ್ನ ಕೇಳಿದರೆ ರೇಷ್ಮೆ ಹುಳುವಿನದು ಹತ್ತಿಗಿಂತ ಸಣ್ಣ ತಲೆನೋವು. ಪತಂಗ ಹಾರುವುದಿಲ್ಲ. ಮನುಷ್ಯ ಸೊಪ್ಪು ಹಾಕದಿದ್ದರೆ ಹುಳು ಬದುಕುವುದಿಲ್ಲ. ಅದರ ಕಾಡು ಸಂಬಂಧಿಗಳು ಹಿಮಾಲಯದ ಕಡೆ ಇವೆ, ನಮ್ಮ ಮಡಕಶಿರಾ ಸೀಮೆಯಲ್ಲಿ ಇಲ್ಲ. ಆದರೆ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ ಕೋಳಿಗೆ, ಮೀನಿಗೆ ಆಹಾರವಾಗಿ ಹೋಗುತ್ತದೆ. ಅದನ್ನು ಪರೀಕ್ಷೆ ಮಾಡದೆ ಬಿಡಿ ಅಂತ ನಾನೂ ಹೇಳುವುದಿಲ್ಲ.

ಜನ ಮರೆಯುವ ಇನ್ನೊಂದು ತೊಡಕು ಬಿತ್ತನೆಯದು. ನಾವು ಸಾಕುವ ಹುಳು ಮಿಶ್ರ ಮೊಟ್ಟೆಯಿಂದ ಬಂದದ್ದು, ಬೈವೋಲ್ಟೈನ್ ಡಬಲ್ ಹೈಬ್ರಿಡ್ ಆದರೆ ನಾಲ್ಕು ಮೂಲ ತಳಿ ಸೇರಿರುತ್ತವೆ. ನಮ್ಮ ಮನೆಗೆ ಬರುವ ಪ್ರತಿ ಹುಳುವಿನಲ್ಲೂ ಆ ಜೀನ್ ಇರಬೇಕಾದರೆ, ಕೊನೆಯ ಕ್ರಾಸಿನಲ್ಲಿ ಒಂದು ಕಡೆಯ ಪತಂಗಗಳಲ್ಲಾದರೂ ಅದು ಎರಡೂ ಪ್ರತಿಯಲ್ಲಿ ಇರಬೇಕು. ಬಿತ್ತನೆ ಕೋಠಿಯಲ್ಲಿ ಒಂದು ಸಲ ಬೆರಕೆ ಆಯಿತು ಅನ್ನಿ, ಒಂದೇ ತಟ್ಟೆಯಲ್ಲಿ ಅರ್ಧ ಹುಳು ಕಾವಲು ಇರುವವು, ಅರ್ಧ ಇಲ್ಲದವು. ಕಣ್ಣಿಗೆ ಎಲ್ಲಾ ಒಂದೇ.

ಇತ್ತೀಚೆಗೆ ಚೀನಾದವರು ಕ್ರಿಸ್ಪರ್ ಅನ್ನುವ ಜೀನ್ ಕತ್ತರಿ ಹಿಡಿದು ವೈರಸ್ಸಿನ ಡಿಎನ್‌ಎಯನ್ನೇ ಕತ್ತರಿಸುವ ಹುಳು ಮಾಡಿದ್ದಾರೆ. ಅದು ಇನ್ನೊಂದು ದಿನದ ಮಾತು.

ಕಾವಲು ಇರುವ ಹುಳು ಇದ್ದಿದ್ದರೆ ಈ ಮನೆಯಲ್ಲಿ ಏನಾಗುತ್ತಿತ್ತು?

ಮೊದಲ ಬೆಳೆಯಲ್ಲಿ ಹಿಂದಿನ ಸ್ಟ್ಯಾಂಡಿನ ಹುಳುಗಳಿಗೆ ಅಟ್ಟದ ಧೂಳಿನಿಂದ ಬಿದ್ದದ್ದು ಅಲ್ಪ ಸ್ವಲ್ಪ ವೈರಸ್ ಇರಬೇಕು. ಅಲ್ಲಿ ಆ ಜೀನ್ ಇದ್ದಿದ್ದರೆ ಬಹಳ ಹುಳು ತಡೆದುಕೊಳ್ಳುತ್ತಿದ್ದವು ಅನ್ನಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಆಮೇಲಿನದು. ಒಂದು ಹುಳು ಹಾಲುತೊಂಡೆಯಲ್ಲಿ ಸತ್ತರೆ ಅದರ ಮೈಯಿಂದ ಲೆಕ್ಕವಿಲ್ಲದಷ್ಟು ಪಾಲಿಹೆಡ್ರಾ ಹಾಸಿಗೆಗೆ ಬೀಳುತ್ತವೆ. ಸುತ್ತಲಿನ ಹುಳು ಅದನ್ನು ತಿನ್ನುತ್ತವೆ. ಜೀನ್ ಮೌನದ ದೊಡ್ಡ ಲಾಭ ಇರುವುದು ಆ ಕಾರ್ಖಾನೆ ನಿಲ್ಲುವುದರಲ್ಲಿ. ಆ ಒಂದು ಹುಳು ಬದುಕುವುದು ಬೋನಸ್.

ಎರಡನೇ ಬೆಳೆ ಬೇರೆ ಕಥೆ. ಗೋಡೆ, ನೆಲ, ಕೈ, ಸೊಪ್ಪಿನ ಕೋಣೆ, ಎಲ್ಲೆಲ್ಲೂ ವೈರಸ್. ಅಷ್ಟು ಹೊರೆ ಬಿದ್ದರೆ ಕಾವಲು ಇರುವ ಹುಳುವೂ ಎಷ್ಟೋ ಸೋಲುತ್ತವೆ. ಲ್ಯಾಬಿನಲ್ಲೂ ಎಲ್ಲಾ ಹುಳು ಉಳಿಯಲಿಲ್ಲ. ಅದಲ್ಲದೆ ಈ ಕಾವಲು ಹಾಲುತೊಂಡೆಗೆ ಮಾತ್ರ. ಸಪ್ಪೆ ರೋಗ, ಸುಣ್ಣಕಟ್ಟು, ಗಂಟು, ಊಜಿ ನೊಣ, ಯಾವುದಕ್ಕೂ ಅದು ಅಡ್ಡ ಬರುವುದಿಲ್ಲ. ನನಗೆ ಒಂದು ಹೆದರಿಕೆಯೂ ಇದೆ. ರೋಗ ಬರದ ಹುಳು ಅಂತ ಹೆಸರು ಬಿದ್ದರೆ ಜನ ಮನೆ ತೊಳೆಯುವುದನ್ನೇ ಬಿಟ್ಟಾರು. ಪುಡಿ ಮಾರುವವನ ಹೆದರಿಕೆ ಅಂತ ನಗಬೇಡಿ.

ಮೂರನೇ ಬೆಳೆ

ಒಂದು ತಿಂಗಳು ಮನೆ ಖಾಲಿ ಬಿಟ್ಟರು. ಹೊಸ ಮೂಟೆಯನ್ನು ನಾನೇ ಒಯ್ದೆ, ಹಣ ತಗೊಳ್ಳಲಿಲ್ಲ. 20 ಲೀಟರ್ ನೀರಿಗೆ 400 ಗ್ರಾಂ ಬ್ಲೀಚಿಂಗ್, 60 ಗ್ರಾಂ ಅರಳಿದ ಸುಣ್ಣ. ಸುಣ್ಣ ಯಾಕೆ ಅಂತ ಅಕ್ಕ ಕೇಳಿದರು. ಮೂರನೇ ಸಲ ಕ್ಷಾರ! ಹುಳುವಿನ ಹೊಟ್ಟೆ ಪೆಟ್ಟಿಗೆ ಕರಗಿಸುವ ಹಾಗೆ ಸುಣ್ಣದ ನೀರು ಗೋಡೆಯ ಮೇಲೇ ಪೆಟ್ಟಿಗೆ ಕರಗಿಸುತ್ತದೆ, ಹೊರಗೆ ಬಿದ್ದ ವೈರಸ್ಸನ್ನು ಕ್ಲೋರಿನ್ ಮುಗಿಸುತ್ತದೆ. ಚಂದ್ರಿಕೆಗಳನ್ನು ಅಟ್ಟದಿಂದ ಇಳಿಸಿ ತೊಟ್ಟಿಯಲ್ಲಿ ಮುಳುಗಿಸಿ ಆಮೇಲೆ ಬಿಸಿಲಿಗೆ ಹಾಕಿದರು. ಸಿಂಪಡಣೆ ಎರಡು ಸಲ. ಬಾಗಿಲಲ್ಲಿ ಪುಡಿ ನೀರಿನ ಗೋಣಿಚೀಲ. ಜ್ವರ ಎದ್ದ ಮೇಲೆ ಹಾಸಿಗೆಗೆ ಪುಡಿ. ಸತ್ತ ಹುಳು ಎತ್ತಲು ಕಡ್ಡಿ, ಹಾಕಲು ಸುಣ್ಣದ ನೀರಿನ ಬಕೆಟ್. ತಿಪ್ಪೆಯನ್ನು ತೋಟದ ಬದಿಯಿಂದ ದೂರ ಒಯ್ದರು. ಆ ಕೆಲಸಕ್ಕೆ ಯಜಮಾನರನ್ನು ಒಪ್ಪಿಸಲು ಅಕ್ಕನಿಗೆ ಮೂರು ದಿನ ಹಿಡಿಯಿತು.

131 ಕಿಲೋ ಗೂಡು ಬಂತು. ಅಕ್ಕ ಬಕೆಟ್ಟಿಗೆ ಹಾಕಿದ ಹಾಲು ಹುಳುಗಳನ್ನು ಎಣಿಸಿ ಸ್ಲೇಟಿನ ಮೇಲೆ ಗೀಟು ಹಾಕಿದ್ದರು. ಮೊದಲ ದಿನ 4, ಎರಡನೇ ದಿನ 11, ಆಮೇಲೆ 9, 5, 2. ಒಟ್ಟು 31. ಲಕ್ಷದ ಹತ್ತಿರ ಹುಳುವಿನಲ್ಲಿ 31. ಎರಡನೇ ದಿನದ 11 ಮೂರನೇ ದಿನ ನೂರಾಗದಂತೆ ತಡೆದದ್ದು ಅವರ ಕಡ್ಡಿ, ಬಕೆಟ್ಟು, ಕಣ್ಣು. ಬೆಳಗ್ಗೆ ನಾಲ್ಕಕ್ಕೆ ಎದ್ದು ಟಾರ್ಚ್ ಹಿಡಿದು ಸಾಲು ಸಾಲು ನೋಡಿದ್ದಾರೆ. ಕಿರಿಕೆರೆಯ ಹುಳುವಿನ ಮೊಟ್ಟೆ ಬಂದ ದಿನ ಈ ನಿದ್ದೆ ಅಕ್ಕನಿಗೆ ವಾಪಸ್ ಸಿಗುತ್ತದೆ.

ನಾಲ್ಕನೇ ಬೆಳೆ ಬೇಸಿಗೆಯಲ್ಲಿ ಬಂತು. ಶೀಟಿನ ಮನೆ, ಸೆಕೆ, ಸೊಪ್ಪಿನಲ್ಲಿ ನೀರಿನ ಅಂಶ ಕಡಿಮೆ. ಗೀಟು 47ಕ್ಕೆ ಏರಿತು. ಗೂಡು 118 ಕಿಲೋ. ಬಿಸಿಲು ಜಾಸ್ತಿಯಾದರೆ ಹುಳುವಿನ ತಡೆಯುವ ಶಕ್ತಿ ಇಳಿಯುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಲು ಹೇಳಿದ್ದೇನೆ. ನೆಂಟರ ಚಂದ್ರಿಕೆ ತೊಳೆದು ವಾಪಸ್ ಹೋಗಿವೆ. ಬ್ಲೀಚಿಂಗ್ ಈಗ ಐದು ಕಿಲೋ ಚೀಲದಲ್ಲಿ ಒಯ್ಯುತ್ತಾರೆ, ಬಾಯಿ ಕಟ್ಟಿ, ತೆರೆದ ತಾರೀಖನ್ನು ಮೇಲೆ ಬರೆದು. ಮೊನ್ನೆ ಬಂದಾಗ ಯಜಮಾನರು ಕಿರಿಕೆರೆಯ ಮೊಟ್ಟೆ ಬಂತಾ ಅಂತ ಮತ್ತೆ ಕೇಳಿದರು. ಇಲ್ಲ ಅಂದೆ. ಐದನೇ ಬೆಳೆಗೆ ಚಾಕಿ ಬುಕ್ ಮಾಡಿದ್ದಾರೆ. 200 ಮೊಟ್ಟೆ, ಅದೇ ಮಾಮೂಲಿ ತಳಿ, ಅದೇ ಚಾಕಿ ಕೇಂದ್ರ.